ಅಂಗಳದ ಕೆಂಪು ಗೂಟ

ಕಂಪ್ಯೂಟರ್ ಕೊಟ್ಟ ಗೆರೆ ಕಾಗದದ ಮೇಲೆ ಬಹಳ ಚಂದ ಇತ್ತು. ಎಂಬತ್ತರ ದಶಕದಲ್ಲಿ, ಸುರತ್ಕಲ್ಲಿನಲ್ಲಿ ಕೂತು ಅಂಕಿಗಳನ್ನು ತೂತುಗಳಾಗಿ ಒತ್ತಿದ ಕಾರ್ಡುಗಳನ್ನು ಆ ಯಂತ್ರಕ್ಕೆ ತಿನ್ನಿಸಿ, ತಣ್ಣೀರುಬಾವಿ ಊರಿನ ಕಡಲು ಇಪ್ಪತ್ತೈದು ವರ್ಷದಲ್ಲಿ ಎಲ್ಲಿಯವರೆಗೆ ದಡ ಕೊರೆದು ಬರಬಹುದೆಂದು ಲೆಕ್ಕ ಹಾಕುವುದು ನನ್ನ ಕೆಲಸವಾಗಿತ್ತು. ಆ ಗೆರೆಯನ್ನು ನೆಲದ ಮೇಲೆ ಗುರುತಿಸಲು ಹೋದಾಗ ಫಜೀತಿಯಾಯಿತು. ಒಂದು ಕೆಂಪು ಗೂಟ ಸರಿಯಾಗಿ ಮೀನು ಮಾರುವ ಗಿರಿಜಕ್ಕನ ಅಂಗಳಕ್ಕೇ ಬಂತು.

ನಾನು ಸುತ್ತಿಗೆ ಎತ್ತಿದ್ದೇ ತಡ, ಬಲೆ ರಿಪೇರಿ ಮಾಡುತ್ತಿದ್ದ ಗಂಡಸರೆಲ್ಲ ಎದ್ದು ಬಂದು ಸುತ್ತ ನಿಂತರು. ಒಬ್ಬ ಸುತ್ತಿಗೆ ಕಸಿದುಕೊಂಡ.

“ಈ ಗೂಟ ಎಂತಕ್ಕೆ?” ಗಿರಿಜಕ್ಕ ಅಡ್ಡ ಬಂದು ನಿಂತರು. “ನನ್ನ ಅಮ್ಮನ ಅಂಗಳಕ್ಕೂ ಹೀಗೇ ಕೆಂಪು ಗೂಟ ಹಾಕಿದ್ರು. ಮರು ಮಳೆಗಾಲಕ್ಕೆ ಮನೆಯೇ ಇರ್ಲಿಲ್ಲ. ಸರಕಾರಕ್ಕೆ ಜಾಗ ಬೇಕಂತೆ!”

ನಾನು ಅವಸರದಲ್ಲಿ ಹೇಳಿದೆ, “ಜಾಗ ಹಿಡಿಯಲಿಕ್ಕೆ ಅಲ್ಲ ಅಕ್ಕಾ. ಮುಂದೆ ಕಡಲು ಇಲ್ಲಿಯವರೆಗೆ ಬರ್ತದೆ ಅಂತ ಕಂಪ್ಯೂಟರ್ ಹೇಳ್ತದೆ. ಮನೆ ಹೋದ್ರೆ ಕಡಲಿಗೇ ಹೋಗುವುದು.”

ಗಂಡಸರು ಇನ್ನೂ ಹತ್ತಿರ ಬಂದರು. ಇನ್ನು ಏಟು ಬೀಳುವುದೇ ಬಾಕಿ ಅಂದುಕೊಂಡೆ.

“ಕಡಲಾ?” ಗಿರಿಜಕ್ಕ ಉಸಿರು ಬಿಟ್ಟರು. “ಮೊದಲೇ ಹೇಳಬಾರದಾ ಮಾರಾಯ್ರೆ! ಕಡಲು ಬಂದ್ರೆ ಒಂದು ದಿನ ಹಿಂದೆಯೂ ಹೋಗ್ತದೆ. ಸರಕಾರ ಬಂದ್ರೆ ಹೋಗ್ತದಾ?”

ಸುತ್ತಿಗೆ ಕಸಿದವನೇ ಗೂಟ ಹೊಡೆದುಕೊಟ್ಟ. ಗಿರಿಜಕ್ಕ ಚಾ ತಂದರು. ನನ್ನ ವರದಿ ಯಾರ ಕೈಗೆ ಹೋಗುತ್ತದೆಂದು ಯಾರೂ ಕೇಳಲಿಲ್ಲ. ಅದು ಹೋಗುವುದು ಸರಕಾರಕ್ಕೇ. ಹಾಗಾಗಿ, ಕೇಳುವ ಮೊದಲೇ, ನಾಲಿಗೆ ಸುಟ್ಟರೂ ಚಾ ಮುಗಿಸಿ ಎದ್ದೆ.