ಕುಂಕುಮ ಹಚ್ಚಿದ ಸ್ಪಾನರ್

ನನ್ನ ತಮ್ಮನ ಮೋಟಾರ್ ಸೈಕಲ್ಲಿನ ಅಡಿ ಬೋಲ್ಟನ್ನು ನಾನು ಬಿಗಿಯಲಿಲ್ಲ. ಬಿಗಿ ಎಂದು ಅವನು ಹೇಳಿದ್ದ. ಬಿಗಿದಿದ್ದೇನೆ ಎಂದು ನಾನು ಹೇಳಿದೆ. ಮಾರನೆಯ ಬೆಳಿಗ್ಗೆ ಅವನು ಅದನ್ನೇ ಹತ್ತಿ ಹೊರಟಾಗ ನಿಜ ಹೇಳಲು ಸಮಯವಿತ್ತು, ಹೇಳಲಿಲ್ಲ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಯಲ್ಲಿ ಬರೆಯೋಣ ಎಂದುಕೊಂಡರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ನನಗೆ ಒಂದು ನೆಪ ಸಿಕ್ಕಿಬಿಡುತ್ತದೆ.

ನಮ್ಮದು ಮಳವಳ್ಳಿಯಿಂದ ಬ್ಲಫ್ ಕಡೆಗೆ ಹೋಗುವ ರಸ್ತೆಯ ಪಕ್ಕದ ಹಳ್ಳಿ. ಅಪ್ಪ ತೀರಿಕೊಂಡಾಗ ನಾನು ಮೂರನೇ ಕ್ಲಾಸಿನಲ್ಲಿದ್ದೆ. ಓದು ಅಲ್ಲಿಗೆ ನಿಂತಿತು, ನೇಗಿಲು ನನ್ನ ಪಾಲಿಗೆ ಬಂತು. ತಮ್ಮ ಓದಿದ. ಮೈಸೂರಿನಲ್ಲಿ ಯಂತ್ರದ ಕೆಲಸ ಕಲಿತು ಬ್ಲಫ್‌ನಲ್ಲಿ ಕರೆಂಟು ತಯಾರಿಸುವ ಕರೆಂಟು ಮನೆಯಲ್ಲಿ ನೌಕರಿ ಹಿಡಿದ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ, ದಸರಾಕ್ಕೆ ತಿಂಗಳಿದೆ ಎನ್ನುವಾಗ ಹೊಸ ಮೋಟಾರ್ ಸೈಕಲ್ ತಂದ. ನಮ್ಮ ಸುತ್ತಿನ ಹಳ್ಳಿಗಳಲ್ಲೆಲ್ಲ ಅದೊಂದೇ ಇದ್ದದ್ದು. ಅದರ ಸದ್ದು ಕೇಳಿದರೆ ಎಮ್ಮೆಗಳು ಗೂಟ ಕಿತ್ತುಕೊಳ್ಳುತ್ತಿದ್ದವು.

ಆಯುಧಪೂಜೆಗೆ ಅವನು ಒಂದು ದಿನದ ರಜೆಯ ಮೇಲೆ ಊರಿಗೆ ಬಂದ. ಹೊಸ ಎಂಜಿನ್ನಿನ ಮೊದಲ ಎಣ್ಣೆಯನ್ನು ಬೇಗ ಬದಲಾಯಿಸಬೇಕಂತೆ. ಪೂಜೆಗೆ ಮುಂಚೆ ಅದನ್ನು ಮುಗಿಸಿ, ಗಾಡಿ ತೊಳೆದು ನಿಲ್ಲಿಸೋಣ ಎಂದ. ಸ್ವಲ್ಪ ಹೊತ್ತು ಎಂಜಿನ್ ಓಡಿಸಿದ. ಬಿಸಿಯಾದರೆ ಎಣ್ಣೆ ತೆಳ್ಳಗಾಗಿ ಪೂರ್ತಿ ಇಳಿಯುತ್ತದೆ ಎಂದು ವಿವರಿಸಿದ. ಆಮೇಲೆ ಎಂಜಿನ್ನಿನ ಹೊಟ್ಟೆಯ ಕೆಳಗೆ ಬಾಂಡ್ಲಿ ಇಟ್ಟು, ಸ್ಪಾನರಿನಲ್ಲಿ ಅಡಿ ಬೋಲ್ಟು ಬಿಚ್ಚಿ, ಸ್ಪಾನರನ್ನು ಜಗಲಿಯ ಮೇಲಿಟ್ಟ. ಕರೀ ಎಣ್ಣೆ ಸುರಿಯಿತು.

ಪಕ್ಕದ ಮನೆಯ ಚಿಕ್ಕಪ್ಪ ಬೇಲಿಯ ಆಚೆ ನಿಂತು ನೋಡುತ್ತಿದ್ದರು.

“ಏನ್ಲಾ, ಇನ್ನೂ ತಿಂಗ್ಳು ತುಂಬ್ನಿಲ್ಲ, ಆಗ್ಲೇ ಬೇದಿಗೆ ಕೊಟ್ಬುಟ್ಟಾ?”

“ಬೇದಿಯಲ್ಲ ಕಣ್ ಚಿಕ್ಕಪ್ಪ. ಹೊಟ್ಟೇಲಿರೋ ಕಬ್ಣ ತೆಗೀತಾ ಇವ್ನಿ” ಎಂದ ತಮ್ಮ.

ಬಾಂಡ್ಲಿಯನ್ನು ಬಿಸಿಲಿಗೆ ಓರೆ ಮಾಡಿ ತೋರಿಸಿದ. ಎಣ್ಣೆಯೊಳಗೆ ಕಬ್ಬಿಣದ ಹುಡಿ ಮೀನಿನ ಹುರುಪೆಯ ಹಾಗೆ ಮಿನುಗುತ್ತಿತ್ತು. ಈ ಎಣ್ಣೆ ಎತ್ತಿನ ಗಾಡಿಯ ಅಚ್ಚಿಗೆ ಆಗುತ್ತದೆ, ನನಗಿರಲಿ ಎಂದೆ. ಬೇಡ, ಈ ಹುಡಿ ಅಚ್ಚನ್ನೇ ತಿಂದುಬಿಡುತ್ತದೆ, ನಿನಗೆ ಇದೆಲ್ಲ ಗೊತ್ತಾಗುವುದಿಲ್ಲ ಎಂದ. ಅವನು ಕೊಂಕು ತೆಗೆದು ಆಡಿದ ಮಾತಲ್ಲ ಅದು. ಆದರೆ ಚಿಕ್ಕಪ್ಪನ ಎದುರಿಗೆ ಆಡಿದ. ಚಿಕ್ಕಂದಿನಿಂದ ಎತ್ತಿನ ಗಾಡಿ ಹೊಡೆದವನು ನಾನು. ಆ ಮಾತು ನನ್ನ ಎದೆಯಲ್ಲಿ ಕೂತಿತು.

ಬೋಲ್ಟನ್ನು ಒರೆಸಿ ಬೆರಳಿನಲ್ಲೇ ತಿರುಗಿಸಿ ಹಾಕಿದ. ಆಲಿಕೆ ಇಟ್ಟು ಡಬ್ಬಿಯ ಹೊಸ ಎಣ್ಣೆ ಹೊಯ್ದ. ಅಷ್ಟರಲ್ಲಿ ಅವ್ವ ಸ್ನಾನಕ್ಕೆ ನೀರು ಕಾದಿದೆ, ಪೂಜೆಗೆ ಹೊತ್ತಾಯಿತು ಎಂದು ಕರೆದಳು. ಅವನು ಕೈ ಒರೆಸಿಕೊಳ್ಳುತ್ತಾ, ಆ ಬೋಲ್ಟನ್ನು ಸ್ಪಾನರಿನಲ್ಲಿ ಬಿಗಿದುಬಿಡು ಎಂದು ಹೇಳಿ ಬಚ್ಚಲಿಗೆ ಹೋದ.

ಸ್ಪಾನರಿಗಾಗಿ ಜಗಲಿಯ ಮೇಲೆ ನೋಡಿದೆ. ಇರಲಿಲ್ಲ. ಅವ್ವ ಅದನ್ನು ಆಗಲೇ ಎತ್ತಿ ಹುಣಸೇಹಣ್ಣು ಹಾಕಿ ತಿಕ್ಕಿ ತೊಳೆದಿದ್ದಳು. ನಡುಮನೆಯಲ್ಲಿ ನೇಗಿಲ ಗುಳ, ಕುಡುಗೋಲು, ಗುದ್ದಲಿಗಳ ಸಾಲಿನಲ್ಲಿ ಅದೂ ಮಲಗಿತ್ತು. ವಿಭೂತಿ ಬಳಿದು ಕುಂಕುಮ ಇಟ್ಟು, ಮೇಲೊಂದು ಚೆಂಡುಹೂ ಇರಿಸಿದ್ದಳು. ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನ ಅವ್ವ ದೀಪ ಹಚ್ಚಿ ಕೈಮುಗಿದು ತೆಗೆಯುವ ತನಕ ನಮ್ಮ ಮನೆಯಲ್ಲಿ ಯಾರೂ ಮುಟ್ಟುವ ಹಾಗಿರಲಿಲ್ಲ. ಅಪ್ಪ ಒಮ್ಮೆ ಮುಟ್ಟಿ, ಅದೇ ವರ್ಷ ತೀರಿಕೊಂಡ ಎಂದು ಅವ್ವ ನಂಬಿದ್ದಳು. ನಾನು ಅಲ್ಲಿ ನಿಂತು ನೋಡಿ ವಾಪಸು ಬಂದೆ. ಬೋಲ್ಟನ್ನು ಕೈಯಲ್ಲೇ ಇನ್ನೊಂದು ಸುತ್ತು ತಿರುಗಿಸಿದೆ.

ತಮ್ಮ ಬಚ್ಚಲಿನಿಂದ ಕೂಗಿದ: “ಬೋಲ್ಟು ಬಿಗಿದ್ಯಾ ಅಣ್ಣ?”

“ಊಂ, ಬಿಗ್ದಿವ್ನಿ.”

ಸ್ಪಾನರು ಪೂಜೆಗೆ ಹೋಗಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಅವನು ಅವ್ವನೊಂದಿಗೆ ವಾದಕ್ಕೆ ನಿಲ್ಲುತ್ತಿದ್ದ, ಚಿಕ್ಕಪ್ಪ ನಗುತ್ತಿದ್ದರು. ನಾನು ಕಬ್ಬಿಣಕ್ಕೆ ಹೆದರಿದ ಗಮಾರನಾಗುತ್ತಿದ್ದೆ. ಎತ್ತಿನ ಹಗ್ಗ ಜಗ್ಗಿ ಜಗ್ಗಿ ಗಟ್ಟಿಯಾದ ಕೈ ನನ್ನದು, ಅದು ತಿರುಗಿಸಿದ್ದೇ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆಯ ಪೂಜೆಯಲ್ಲಿ ಅವ್ವ ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ತಮ್ಮ ಗಾಡಿಯನ್ನು ಮುಂದಕ್ಕೆ ತಳ್ಳಿದ. ಹಣ್ಣು ಪೂರ್ತಿ ಒಡೆಯದೆ ಪಕ್ಕಕ್ಕೆ ಜಾರಿತು. ಎಲ್ಲರೂ ನಕ್ಕರು.

ಬೆಳಿಗ್ಗೆ ಅವನು ಡ್ಯೂಟಿಗೆ ಹೊರಟ. ಸ್ಪಾನರು ಕೇಳಿದ. ಇನ್ನೂ ದೀಪ ಹಚ್ಚಿಲ್ಲ, ಮುಂದಿನ ಸಲ ಬಂದಾಗ ತೆಗೆದುಕೊಂಡು ಹೋಗು ಎಂದಳು ಅವ್ವ. ಅವನು ಆಗಲಿ ಎಂದು ಗಾಡಿಯನ್ನು ಅಂಗಳದಿಂದ ತಳ್ಳಿದ. ಅದು ರಾತ್ರಿ ನಿಂತಿದ್ದ ಜಾಗದಲ್ಲಿ, ಸಗಣಿ ಸಾರಿಸಿದ ನೆಲದ ಮೇಲೆ, ಒಂದು ಅಂಗೈಯಗಲ ಎಣ್ಣೆ ಹರಡಿತ್ತು. ನಾನು ಹಾಲಿನ ಚೆಂಬು ಹಿಡಿದು ಪಕ್ಕದಲ್ಲೇ ಇದ್ದೆ. ಅವನು ತಿರುಗಿ ನೋಡುವ ಮೊದಲೇ ಹೋಗಿ ಆ ಎಣ್ಣೆಯ ಮೇಲೆ ಕಾಲಿಟ್ಟು ನಿಂತೆ.

“ಬತ್ತೀನಣ್ಣ” ಎಂದ. ನಾನು ತಲೆಯಾಡಿಸಿದೆ.

ಬ್ಲಫ್ ಇನ್ನು ಎರಡು ಮೈಲಿ ಇದೆ ಎನ್ನುವಲ್ಲಿ ಬೋಲ್ಟು ಕಳಚಿತು. ಎಣ್ಣೆಯೆಲ್ಲ ರಸ್ತೆಗೆ ಹೋಗಿ, ಎಂಜಿನ್ ಒಣಗಿ ಹಿಡಿದುಕೊಂಡು, ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಕಚ್ಚಿಕೊಂಡಿತು. ಅವನು ರಸ್ತೆ ಬದಿಯ ಜಲ್ಲಿ ರಾಶಿಯ ಮೇಲೆ ಬಿದ್ದ, ಗಾಡಿ ಅವನ ಕಾಲ ಮೇಲೆ ಬಿತ್ತು. ಸೌದೆ ಗಾಡಿಯವರು ನೋಡಿ ಮಳವಳ್ಳಿಗೆ ತಂದರು. ಅಲ್ಲಿಂದ ಮೈಸೂರಿಗೆ ಸಾಗಿಸಿದರು. ಗಾಯ ಕೊಳೆಯಿತು. ಎಂಟನೆಯ ದಿನ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು.

ಆಸ್ಪತ್ರೆಯ ಮಂಚದಲ್ಲಿ ಅವನು ಲೆಕ್ಕಾಚಾರ ಹಾಕುತ್ತಲೇ ಇದ್ದ. ನೀನು ಬಿಗಿದಿದ್ದೆಯಲ್ಲ, ಹಾಗಿದ್ದರೆ ಬೋಲ್ಟಿನ ತಿರುಪೇ ಸರಿಯಿರಲಿಲ್ಲ ಎಂದ. ಇರಬಹುದು ಎಂದೆ. ಗಾಡಿ ಮಾರಿದ ಅಂಗಡಿಗೆ ಅವನು ಮೂರು ಕಾಗದ ಬರೆದ. ಮೂರನ್ನೂ ನಾನೇ ಅಂಚೆಗೆ ಹಾಕಿದೆ. ಗಾಡಿಯಲ್ಲಿ ದೋಷವೇನೂ ಇರಲಿಲ್ಲ ಎಂದು ಅಂಗಡಿಯವರು ಉತ್ತರ ಬರೆದರು. ಅವರು ಬರೆದದ್ದು ಸರಿ ಎಂದು ಗೊತ್ತಿದ್ದವನು ನಾನೊಬ್ಬನೇ.

ಕರೆಂಟು ಮನೆಯ ಮೆಟ್ಟಿಲುಗಳನ್ನು ಕೋಲೂರಿ ಹತ್ತಿಳಿಯಲು ಆಗುತ್ತಿರಲಿಲ್ಲ, ನೌಕರಿ ಹೋಯಿತು. ಮದುವೆಗೆ ಮಾತಾಗಿದ್ದ ಹೆಣ್ಣಿನ ಕಡೆಯವರು ಬರುವುದು ಬಿಟ್ಟರು. ಅವ್ವ ಮಾತ್ರ ಕಾರಣ ಕಂಡುಕೊಂಡಿದ್ದಳು. ಅಂದು ನಿಂಬೆಹಣ್ಣು ಒಡೆಯಲಿಲ್ಲ, ನಾನು ನೆಟ್ಟಗೆ ಇಡಲಿಲ್ಲ, ಮಗನ ಕಾಲು ನಾನೇ ತಿಂದೆ ಎಂದು ಸಾಯುವ ತನಕ ಹೇಳಿಕೊಂಡು ಅತ್ತಳು. ನಾನು ಎದುರಿಗೆ ಕೂತು ಕೇಳಿಸಿಕೊಂಡೆ.

ಆಮೇಲೆ ತಮ್ಮ ಮದ್ದೂರಿಗೆ ಹೋಗಿ, ರೈಲ್ವೆ ಸ್ಟೇಷನ್ನಿನ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟ. ವರ್ಷಕ್ಕೊಮ್ಮೆ ಆಯುಧಪೂಜೆಗೆ ನಾನು ರಾಗಿ, ಕಾಯಿ ತೆಗೆದುಕೊಂಡು ಹೋಗುತ್ತಿದ್ದೆ. ಪ್ರತಿ ಸಲವೂ ಹೇಳಿಬಿಡುವುದೆಂದು ಬಸ್ಸು ಹತ್ತುತ್ತಿದ್ದೆ. ಹೇಳದೆ ವಾಪಸಾಗುತ್ತಿದ್ದೆ.

ಸ್ವಾತಂತ್ರ್ಯ ಬಂದ ವರ್ಷವೂ ಹೋದೆ. ಅವನು ಮಣೆಯ ಮೇಲೆ ಕೂತು ಒಂದೊಂದೇ ಸಾಮಾನು ತೊಳೆದು ಕೊಟ್ಟ. ನಾನು ಹಲಗೆಯ ಮೇಲೆ ಜೋಡಿಸಿ ಕುಂಕುಮ ಇಟ್ಟೆ. ಕೊನೆಗೆ ಕೊಟ್ಟದ್ದು ಅದೇ ಸ್ಪಾನರು. ಅದಕ್ಕೂ ಕುಂಕುಮ ಇಟ್ಟು ಹೂ ಇರಿಸಿದೆ. ಮಂಗಳಾರತಿಯೂ ಆಯಿತು. ಆಗ ಯಾರೋ ಒಬ್ಬ ರೈತ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬಂದವನು, ಸೈಕಲ್ಲಿನ ಮುಂದಿನ ಚಕ್ರ ಅಲ್ಲಾಡುತ್ತಿದೆ ಎಂದ. ಈ ಹೊತ್ತು ಸಾಮಾನು ಮುಟ್ಟುವ ಹಾಗಿಲ್ಲ, ನಾಳೆ ಬಾ ಎಂದು ನಾನೇ ಅವನಿಗೆ ಹೇಳಿದೆ.

ತಮ್ಮ ಕೈ ಚಾಚಿ, ಹೂ ಪಕ್ಕಕ್ಕಿಟ್ಟು, ಆ ಸ್ಪಾನರನ್ನೇ ಎತ್ತಿಕೊಂಡ. ನೆಲದ ಮೇಲೆ ಜರುಗಿಕೊಂಡು ಹೋಗಿ ಚಕ್ರದ ಎರಡೂ ಕಡೆ ಬಿಗಿದ. ಚಕ್ರವನ್ನು ಹಿಡಿದು ಅಲ್ಲಾಡಿಸಿ ನೋಡಿದ. ಮತ್ತೆ ಇನ್ನೊಂದು ಸಲ ಬಿಗಿದ. ಅವನ ಹೆಬ್ಬೆರಳಿಗೆಲ್ಲ ಕುಂಕುಮ ಹತ್ತಿತ್ತು.

“ದ್ಯಾವ್ರು ಏನೂ ಅನ್ನಕಿಲ್ಲ ಕಣಣ್ಣ” ಎಂದ ನನ್ನ ಮುಖ ನೋಡಿ. “ಬಿಗೀದೆ ಕಳ್ಸುದ್ರೆ ಇವ್ರು ಎಲ್ಲಾದ್ರೂ ಬಿದ್ಕತಾರೆ.”

ಗಂಡ ಹೆಂಡತಿ ಸೈಕಲ್ ಹತ್ತಿ ಹೋದರು. ಅವನು ಸ್ಪಾನರನ್ನು ಒರೆಸಿ, ಮತ್ತೆ ಕುಂಕುಮ ಇಡಲು ನನ್ನ ಕಡೆ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ. ಅವನ ಮುಂದೆ ನೆಲಕ್ಕೆ ಕೂತೆ.

“ಅವತ್ತು ಬೋಲ್ಟು ನಾನು ಬಿಗೀನಿಲ್ಲ ಕಣ್ಲಾ ತಮ್ಮ. ಇದು ಪೂಜೇಲಿತ್ತು, ಮುಟ್ನಿಲ್ಲ. ಬಿಗ್ದಿವ್ನಿ ಅಂತ ಸುಳ್ಳೇಳ್ದೆ. ಬೆಳಿಗ್ಗೆ ಎಣ್ಣೆ ಸೋರಿದ್ದೂ ಕಂಡಿದ್ದೆ, ಕಾಲಲ್ಲಿ ಮುಚ್ಕಂಡು ನಿಂತ್ಕಂಡೆ. ನಿನ್ ಕಾಲು ಹೋಗಿದ್ದು ನನ್ನಿಂದ. ತಪ್ಪಾಯ್ತು ಕಣಪ್ಪಾ, ತಪ್ಪಾಯ್ತು.”