ಮೂರನೇ ಮಷೀನಿನ ಓರೆ

ನಮ್ಮ ಅತ್ತೆಗೆ ಆಫೀಸಿನಲ್ಲಿ ಇಟ್ಟಿದ್ದ ಅಡ್ಡಹೆಸರು ಮಿಲಿಮೀಟರ್ ಮೇಡಂ. ಇಟ್ಟವರು ಯಾರೋ ಗೊತ್ತಿಲ್ಲ, ಯಾರಾದರೂ ಸರಿ, ಅವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಮೂವತ್ತೊಂದು ವರ್ಷ ರೇಡಿಯೋ ಸ್ಟೇಷನ್ನಿನ ರಿಪೇರಿ ಕೋಣೆಯಲ್ಲಿ ಟೇಪ್ ರೆಕಾರ್ಡರುಗಳನ್ನು ಬಿಚ್ಚಿ ಜೋಡಿಸಿದವರು ಅವರು. ಜೇಬಿಗೆ ಹೋಗುವ ಆಟಿಕೆಗಳಲ್ಲ. ಊಟದ ತಟ್ಟೆಯಷ್ಟು ಅಗಲದ ಎರಡು ಚಕ್ರ, ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಸುತ್ತಿಕೊಳ್ಳುವ ಕಂದು ಟೇಪು, ಇಬ್ಬರು ಎತ್ತಿದರೂ ಸೊಂಟ ಹಿಡಿಯುವಷ್ಟು ಭಾರ. ನಿವೃತ್ತಿಯಾದ ಮೇಲೆ ಬಿಚ್ಚುವುದಕ್ಕೆ ಮಷೀನು ಸಿಗದೆ ಮನೆಯ ಮೇಲೆ ಬಿದ್ದರು. ಮನೆ ಅಂದರೆ ನಾನು.

ಡಬ್ಬದ ಮುಚ್ಚಳ ಅಡ್ಡಾದಿಡ್ಡಿ ಕೂತಿದ್ದರೆ ತೆಗೆದು ಮತ್ತೆ ಮುಚ್ಚಿಸುತ್ತಿದ್ದರು. ಗೋಡೆಯ ಕ್ಯಾಲೆಂಡರು ಕೂದಲೆಳೆಯಷ್ಟು ವಾಲಿದ್ದರೂ ಸಾಕು, ಹೋಗುತ್ತಿದ್ದವರು ನಿಂತು, ಬೆರಳ ತುದಿಯಿಂದ ಸರಿಸಿ, ಒಂದು ಹೆಜ್ಜೆ ಹಿಂದೆ ಹೋಗಿ ನೋಡಿ, ಆಮೇಲೆಯೇ ಮುಂದಿನ ಕೆಲಸ. ಸಿಟ್ಟು ಬಂದ ದಿನ ನಾನು ಬೇಕಂತಲೇ ಅದನ್ನು ಓರೆ ಮಾಡಿ ಅಡುಗೆಮನೆಯಿಂದ ಇಣುಕಿ ನೋಡುತ್ತಿದ್ದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಅಂತ ಬಂದದ್ದು ಇಷ್ಟೇ.

ಕಳೆದ ವರ್ಷ ಸ್ಟೇಷನ್ನಿನ ಟೇಪ್ ಲೈಬ್ರರಿಯ ಅಧಿಕಾರಿ ಫೋನ್ ಮಾಡಿದರು. ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುತ್ತಿದ್ದಾರಂತೆ. ಉಳಿದಿರುವುದು ಒಂದನೇ ನಂಬರಿನ ಮಷೀನು ಒಂದೇ, ಅದೂ ಕೈಕೊಟ್ಟಿದೆ, ರಿಪೇರಿ ಬಲ್ಲವರು ಯಾರೂ ಇಲ್ಲ ಎಂದರು. ಎಪ್ಪತ್ತರ ಅತ್ತೆ ಅರ್ಧ ಗಂಟೆಯಲ್ಲಿ ಸ್ಕ್ರೂಡ್ರೈವರುಗಳನ್ನು ಒರೆಸಿ ಸಾಲಾಗಿ ಇಟ್ಟರು. ಆದರೆ ಅವರ ಕೈ ನಡುಗುತ್ತದೆ. ಹಾಗಾಗಿ ಕಿವಿ ಅವರದು, ಬಾಯಿ ಅವರದು, ಕೈ ಮಾತ್ರ ನನ್ನದು ಎಂದು ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಐದು ದಿನ ಹಿಡಿಯಿತು. ಟೇಪನ್ನು ಒತ್ತಿ ಎಳೆಯುವ ರಬ್ಬರಿನ ಉರುಳೆ ಕಲ್ಲಾಗಿತ್ತು, ಹೊಸದು ಹಾಕಿದೆವು. ಒಳಗೆ ಕೆಪಾಸಿಟರುಗಳು ಉಬ್ಬಿ ಸೋರಿದ್ದವು. ಒಂದೊಂದನ್ನೇ ಕಿತ್ತು ಬೆಸುಗೆ ಹಾಕುವಾಗ ನನ್ನ ಎರಡು ಬೆರಳು ಸುಟ್ಟವು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡು ಒರೆಸುವಾಗ, ಟೇಪು ಹೋಗುವ ದಿಕ್ಕಿಗೇ ಒರೆಸಬೇಕೆಂದು ಬೈಸಿಕೊಂಡೆ. ಹೆಡ್ಡು ಅಂದರೆ ಟೇಪು ಉಜ್ಜಿಕೊಂಡು ಹೋಗುವ ಪುಟ್ಟ ಲೋಹದ ತುಂಡು. ದನಿಯನ್ನು ಟೇಪಿನ ಮೇಲೆ ಬರೆಯುವುದಕ್ಕೊಂದು, ಬರೆದದ್ದನ್ನು ಓದುವುದಕ್ಕೊಂದು. ಎರಡೂ ಟೇಪಿಗೆ ನೆಟ್ಟಗೆ ನಿಂತಿರಬೇಕು, ಅದಕ್ಕೆ ಪಕ್ಕದಲ್ಲೊಂದು ಸಣ್ಣ ಸ್ಕ್ರೂ ಇರುತ್ತದೆ. ಆ ಸ್ಕ್ರೂ ಮುಟ್ಟುವ ಮೊದಲು ಅಳತೆ ಟೇಪು, ಅಂದರೆ ನೆಟ್ಟಗಿನ ಹೆಡ್ಡಿನಲ್ಲಿ ಬರೆದಿಟ್ಟ ಪರೀಕ್ಷೆಯ ದನಿಯ ಟೇಪು, ಹಾಕಲೇಬೇಕು, ಅಂದಾಜಿನ ಕೆಲಸ ಕೂಡದು ಎಂದು ಅತ್ತೆ ದಿನಕ್ಕೆ ಹತ್ತು ಸಲ ಹೇಳಿದರು. ಐದನೇ ದಿನ ಮಧ್ಯಾಹ್ನ ಚಕ್ರಗಳು ತಿರುಗಿದವು. ಯಾವುದೋ ಹಳೆಯ ಸಂದರ್ಶನದ ದನಿ ಎದುರಿಗೇ ಕೂತು ಮಾತಾಡಿದ ಹಾಗೆ ಬಂತು. ನನಗೆ ನನ್ನ ಸುಟ್ಟ ಬೆರಳುಗಳ ಮೇಲೇ ಹೆಮ್ಮೆಯಾಯಿತು.

ಹೊರಡುವ ಹೊತ್ತಿಗೆ ಬಾಗಿಲ ಬಳಿ ಒಂದು ರಟ್ಟಿನ ಪೆಟ್ಟಿಗೆ ಕಂಡಿತು. ಹದಿನೇಳು ಟೇಪು. ಎಸೆಯುವ ಟೇಪುಗಳನ್ನು ಒಯ್ಯಲು ಶುಕ್ರವಾರ ಲಾರಿ ಬರುತ್ತದೆ, ಅದಕ್ಕೆ ಇವು ಎಂದರು ಅಧಿಕಾರಿ. ಒಂದನ್ನು ಹಾಕಿಯೂ ತೋರಿಸಿದರು. ಹೆಂಗಸೊಬ್ಬಳು ಕಂಬಳಿ ಹೊದ್ದುಕೊಂಡು ಕತೆ ಹೇಳಿದ ಹಾಗಿತ್ತು. ಮಾತು ಇದೆ, ಮಾತಿನ ಅಂಚು ಇಲ್ಲ. ರೆಕಾರ್ಡ್ ಆದ ದಿನದಿಂದಲೂ ಹೀಗೇ ಅಂತೆ, ಡಬ್ಬಿಯೊಳಗಿನ ಕಾರ್ಡಿನ ಮೇಲೇ ‘ದನಿ ಮಂಕು’ ಎಂದು ಬರೆದಿತ್ತು. ಅತ್ತೆ ಟೇಪಿನ ಡಬ್ಬಿ ಕೈಗೆ ತೆಗೆದುಕೊಂಡು ತಾರೀಖು ಓದಿದರು, ಇಟ್ಟರು, ಚಪ್ಪಲಿ ಮೆಟ್ಟಿದರು.

ಬೆಳಿಗ್ಗೆಯ ಯಾವುದೋ ಸಿಟ್ಟಿಗೆ ನಾನು ಕ್ಯಾಲೆಂಡರು ಓರೆ ಮಾಡಿಟ್ಟಿದ್ದೆ. ಮನೆಗೆ ಬಂದ ಅತ್ತೆ ಅದರ ಮುಂದೆಯೇ ಹಾದು ಹೋದರು, ನಿಲ್ಲಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದರು. ಆ ದನಿ ಕತೆ ಅಕ್ಕನದು. ಪ್ರತಿ ವಾರ ರೇಡಿಯೋದಲ್ಲಿ ಮಕ್ಕಳಿಗೆ ಕತೆ ಹೇಳುತ್ತಿದ್ದವರು. ಅತ್ತೆ ಆಗ ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ, ರಿಪೇರಿ ಕೋಣೆಗೆ ಬಂದ ಮೊದಲ ಹೆಂಗಸು. ಸಣ್ಣ ಸ್ಟುಡಿಯೋದಲ್ಲಿದ್ದ ಮೂರನೇ ಮಷೀನಿಗೆ ಹೊಸ ಹೆಡ್ಡುಗಳನ್ನು ಹಾಕಿದ್ದರು. ಅಳತೆ ಟೇಪು ಮೇಲಧಿಕಾರಿಯ ಬೀರುವಿನಲ್ಲಿತ್ತು. ಕೇಳಲು ಹೋದರೆ, ಹೆಂಗಸರಿಗೆ ಇದೆಲ್ಲ ಯಾಕೆ ಎಂಬ ಮಾತನ್ನು ಮೊದಲು ಕೇಳಬೇಕು. ಅತ್ತೆ ಕೇಳಲಿಲ್ಲ. ಓದುವ ಹೆಡ್ಡನ್ನು ಕಣ್ಣಳತೆಯಲ್ಲಿ ನಿಲ್ಲಿಸಿದರು, ಬರೆಯುವುದನ್ನು ಅದಕ್ಕೆ ಹೊಂದಿಸಿದರು. ಎರಡೂ ಒಂದೇ ಕಡೆಗೆ ಓರೆ. ಕೆಲವರ ಕೈಬರಹ ಅವರಿಗೆ ಮಾತ್ರ ಓದಲು ಬರುತ್ತದಲ್ಲ, ಹಾಗೆ ಮೂರನೇ ಮಷೀನು ತಾನು ಬರೆದದ್ದನ್ನು ತಾನು ಚೆನ್ನಾಗಿಯೇ ಓದುತ್ತಿತ್ತು. ಆದರೆ ಪ್ರಸಾರವಾಗುತ್ತಿದ್ದುದು ಒಂದನೇ ಮಷೀನಿನಿಂದ. ಅಲ್ಲಿ ದನಿ ಮಂಕು.

ಹದಿನೇಳು ವಾರವಾದ ಮೇಲೆ ಕಾರ್ಯಕ್ರಮದ ಸಾಹೇಬರು ಕತೆ ಅಕ್ಕನನ್ನು ಕರೆಸಿ, ನಿಮ್ಮ ದನಿ ಹೋಯಿತು, ಮುಂದಿನ ವಾರದಿಂದ ಬರಬೇಡಿ ಎಂದರು. ಮಷೀನಿನಲ್ಲೇ ಏನೋ ಇದೆ, ರೆಕಾರ್ಡ್ ಮಾಡಿದಾಗ ಚೆನ್ನಾಗೇ ಕೇಳಿಸಿತ್ತು ಎಂದು ಅವರು ಹೇಳಿದ್ದಕ್ಕೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಸಾಹೇಬರು ನಕ್ಕರು. ಕೋಣೆಯಲ್ಲಿದ್ದವರೂ ನಕ್ಕರು. ಅತ್ತೆ ಅಲ್ಲೇ ಮೋಟಾರಿಗೆ ಎಣ್ಣೆ ಬಿಡುತ್ತಿದ್ದರು. ಅನುಮಾನ ಆಗಲೇ ಹುಟ್ಟಿತ್ತು. ಎರಡು ದಿನ ಬಿಟ್ಟು ಬೀರುವಿನಿಂದ ಅಳತೆ ಟೇಪು ತಂದು ಹಾಕಿ ನೋಡಿದರು, ಓರೆ ಕಂಡಿತು, ಸ್ಕ್ರೂ ತಿರುಗಿಸಿ ಸರಿ ಮಾಡಿದರು. ಬಾಯಿ ಮಾತ್ರ ಬಿಡಲಿಲ್ಲ. ಬಿಟ್ಟಿದ್ದರೆ ಕೆಲಸ ಹೋಗುತ್ತಿತ್ತು, ಇನ್ನೊಬ್ಬ ಹೆಂಗಸಿನ ಕೈಗೆ ಯಾರೂ ಸ್ಕ್ರೂಡ್ರೈವರ್ ಕೊಡುತ್ತಿರಲಿಲ್ಲ. ಇದು ನಡೆದು ನಲವತ್ತಮೂರು ವರ್ಷ.

ನನಗೆ ಅಯ್ಯೋ ಅನಿಸಬೇಕಿತ್ತು. ಮೊದಲು ಬಂದದ್ದು ಸಿಟ್ಟು.

“ಒಂದು ಮುಚ್ಚಳಕ್ಕೆ ನನ್ನನ್ನ ಅಷ್ಟು ಬೈತಿದ್ರಲ್ಲ ಅತ್ತೆ” ಅಂದೆ.

“ಅದಕ್ಕೇ ಬೈತಿದ್ದೆ” ಅಂದರು.

ಅವರಿಗೆ ಕಾಫಿ ಕೊಟ್ಟೆ, ಆಟೋ ಕರೆದೆ.

ಅಧಿಕಾರಿಗೆ ಅತ್ತೆ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಒಂದನೇ ಮಷೀನಿಗೆ ಕತೆ ಅಕ್ಕನ ಹದಿನೇಳನೇ ಟೇಪು ಹಾಕಿದೆವು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು: ಓರೆಯಾಗಿ ಬರೆದದ್ದನ್ನು ಓದಲು ಹೆಡ್ಡೂ ಅಷ್ಟೇ ಓರೆಯಾಗಬೇಕು. ಐದು ದಿನ ಕಷ್ಟಪಟ್ಟು ನೆಟ್ಟಗೆ ಮಾಡಿದ ಹೆಡ್ಡನ್ನು ನಾನು ತಿರುಗಿಸುತ್ತ ಹೋದೆ, ಅತ್ತೆ ಕಣ್ಣು ಮುಚ್ಚಿಕೊಂಡು ಇನ್ನೊಂಚೂರು, ಇನ್ನೊಂಚೂರು ಅನ್ನುತ್ತಿದ್ದರು. ಇದ್ದಕ್ಕಿದ್ದಂತೆ ಕಂಬಳಿ ಜಾರಿತು. ಹೆಂಗಸಿನ ದನಿ, ತೆಳ್ಳಗೆ, ನಗುವನ್ನು ತಡೆದುಕೊಂಡು ಮಾತಾಡುವ ದನಿ, ಕೋಣೆಗೆ ಬಂತು. ಅಧಿಕಾರಿ ಕುರ್ಚಿಯಿಂದ ಎದ್ದೇ ನಿಂತರು.

ಎಸೆಯುವ ಪಟ್ಟಿಯಿಂದ ತೆಗೆಯಲು ಕಾರಣ ಬರೆದುಕೊಡಬೇಕಿತ್ತು. ಹದಿನೇಳು ಕಾರ್ಡಿನಲ್ಲೂ ಅತ್ತೆ ‘ದನಿ ಮಂಕು’ ಹೊಡೆದುಹಾಕಿ, ‘ದನಿ ಸರಿಯಿದೆ, ಹೆಡ್ಡು ಓರೆ, ತಪ್ಪು ನನ್ನದು’ ಎಂದು ನಡುಗುವ ಕೈಯಲ್ಲಿ ಬರೆದು ಸಹಿ ಹಾಕಿದರು. ಟೇಪುಗಳು ಉಳಿದವು. ಅಷ್ಟಕ್ಕೇ ಮನೆಗೆ ಬರಬಹುದಿತ್ತು. ಆದರೆ ಕತೆ ಅಕ್ಕ ಇನ್ನೂ ಇದ್ದಾರಾ ಎಂದು ಅತ್ತೆ ಕೇಳಿದರು. ಇದ್ದರು.

ಗುರುವಾರ ಕತೆ ಅಕ್ಕನ ಮಗಳು ಅವರನ್ನು ಸ್ಟೇಷನ್ನಿಗೆ ಕರೆತಂದಳು. ಎಂಬತ್ತೊಂದು ವರ್ಷ, ಕೈಯಲ್ಲಿ ಕೋಲು. ಅತ್ತೆ ಕೂರಲಿಲ್ಲ.

“ನೆಲ ನಿಜವಾಗ್ಲೂ ಡೊಂಕಾಗೇ ಇತ್ತು ಅಕ್ಕಾ. ಡೊಂಕು ಮಾಡಿದವಳು ನಾನು” ಅಂದರು. “ಗೊತ್ತಾದ ಮೇಲೂ ಸುಮ್ಮನಿದ್ದೆ.”

ಕತೆ ಅಕ್ಕ ತಮ್ಮ ದನಿಯನ್ನು ಐದು ನಿಮಿಷ ಕೇಳಿದರು. ಆಮೇಲೆ, ಅವತ್ತು ಸಾಹೇಬರಿಗೆ ಕೇಳಿಸಿದ್ದು ಹೇಗಿತ್ತೋ ಹಾಗೇ ಕೇಳಿಸು ಎಂದರು. ನಾನು ಸ್ಕ್ರೂ ಹಿಂದಕ್ಕೆ ತಿರುಗಿಸಿದೆ. ಕಂಬಳಿ ಮತ್ತೆ ಬಿತ್ತು.

“ಇದನ್ನ ಕೇಳಿದ್ರೆ ನಾನೂ ನನ್ನನ್ನ ತೆಗೆದುಹಾಕ್ತಿದ್ದೆ” ಎಂದರು. ಮಗಳ ಕಡೆ ತಿರುಗಿದರು. “ಇವಳು ಕತೆ ಹೇಳು ಅಂತ ಬಂದ್ರೆ ಅಪ್ಪನ ಹತ್ರ ಕಳಿಸ್ತಿದ್ದೆ. ನನ್ನ ದನಿ ಮಗೂಗೆ ಬೇಡ ಅಂತ.”

ಅತ್ತೆ ಅತ್ತರು. ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ನಾನು ನೋಡಿದ್ದು ಅದೇ ಮೊದಲು. ಪರವಾಗಿಲ್ಲ ಬಿಡು ಎಂದು ಕತೆ ಅಕ್ಕ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹದಿನೇಳನೇ ಕತೆ ಅರ್ಧಕ್ಕೆ ನಿಂತಿದೆಯಲ್ಲವೇ ಎಂದು ಮಾತ್ರ ಕೇಳಿದರು. ದೋಣಿಯವನ ಮಗಳ ಕತೆ. ನದಿಯ ನಡುವೆ ಹುಟ್ಟು ಕೈಜಾರಿ ಹುಡುಗಿ ದಿಕ್ಕುಗಾಣದೆ ಕೂತಿದ್ದಾಳೆ. ಉಳಿದದ್ದು ಮುಂದಿನ ವಾರ ಎಂದಿದ್ದರು, ಆ ವಾರ ಬರಲೇ ಇಲ್ಲ.

“ಪಾಪ, ಅಂದಿನಿಂದ ನೀರಲ್ಲೇ ಇದ್ದಾಳೆ” ಎಂದರು.

ಟೇಪಿನ ಕೊನೆಯಲ್ಲಿ ಜಾಗವಿತ್ತು. ಬರೆಯುವ ಹೆಡ್ಡನ್ನು ನೆಟ್ಟಗೇ ಬಿಡಲೇ ಎಂದು ನಾನು ಕೇಳಿದೆ. ಬೇಡ, ಮೊದಲರ್ಧ ಎಷ್ಟು ಓರೆಯೋ ಇದೂ ಅಷ್ಟೇ ಓರೆ ಇರಲಿ, ಕೇಳುವವರಿಗೆ ಕತೆ ಒಂದೇ ದನಿಯಲ್ಲಿ ಕೇಳಿಸಬೇಕು ಎಂದು ಅತ್ತೆ ಮೂಗು ಒರೆಸಿಕೊಂಡು ಹೇಳಿದರು. ಎರಡೂ ಹೆಡ್ಡು ಹೊಂದಿಸಿದೆ. ಅಧಿಕಾರಿ ಮೈಕು ಇಟ್ಟರು. ಮಗಳು ಕುರ್ಚಿಯನ್ನು ಎಳೆದುಕೊಂಡು ತಾಯಿಯ ಮುಂದೆಯೇ ಕೂತಳು, ಐವತ್ತು ದಾಟಿದವಳು, ಕೆನ್ನೆಗೆ ಕೈ ಕೊಟ್ಟುಕೊಂಡು. ಚಕ್ರಗಳು ತಿರುಗಿದವು.

“ಮಕ್ಕಳೇ, ಸ್ವಲ್ಪ ತಡವಾಯ್ತು” ಎಂದು ಶುರು ಮಾಡಿದರು ಕತೆ ಅಕ್ಕ.

ಹನ್ನೊಂದು ನಿಮಿಷಕ್ಕೆ ಹುಡುಗಿ ದಡ ಸೇರಿದಳು.