ಅಡವಿ ಉಳ್ಳಾಗಡ್ಡಿಯ ಸುತ್ತ ಕಲ್ಲು

ಗಿಡಗಳ ಸರ್ವೆಗೆಂದು ಬೇಸಿಗೆಯಲ್ಲಿ ಸುರಪುರದ ಗುಡ್ಡ ಹತ್ತಿದ್ದೆ. ಕಾದ ಬಂಡೆಗಳ ನಡುವೆ ಒಂದು ಕಡ್ಡಿ ಎಲೆಯೇ ಇಲ್ಲದೆ ಹೂ ಹೊತ್ತು ನಿಂತಿತ್ತು. ಲಿಲ್ಲಿ ಜಾತಿಯದೇ ಅನ್ನಿಸಿತು. ಆದರೆ ಎಲೆ, ಹೂವು ಒಂದೇ ಫೋಟೋದಲ್ಲಿ ಇಲ್ಲದಿದ್ದರೆ ನಮ್ಮ ಸಾಹೇಬರು ದಾಖಲು ಮಾಡುವುದಿಲ್ಲ. ಎಲೆಗಾಗಿ ತಡಕಾಡುತ್ತಿದ್ದೆ.

ಆಡು ಮೇಯಿಸುತ್ತಿದ್ದ ದ್ಯಾವಮ್ಮ ಹತ್ತಿರ ಬಂದರು. “ಏನ್ ಹುಡಕಾಕತ್ತೀರಿ?”

“ಇದರ ಎಲಿ, ಯವ್ವಾ.”

“ಇದು ಅಡವಿ ಉಳ್ಳಾಗಡ್ಡಿರಿ. ಹೂ ಇದ್ದಾಗ ಎಲಿ ಇರಂಗಿಲ್ಲ. ಮಳಿ ಆದ ಮ್ಯಾಲ ಬರ್ರಿ.” ಜಾಗ ತಪ್ಪಬಾರದೆಂದು ಕಡ್ಡಿಯ ಸುತ್ತ ಕಲ್ಲು ಜೋಡಿಸಿಟ್ಟರು. ಕಲ್ಲು ಸಮೇತ ಹೂವಿನ ಫೋಟೋ ತೆಗೆದುಕೊಂಡೆ.

ಸಾಹೇಬರಿಗೆ ಹೇಳಿದರೆ, “ಆಡು ಕಾಯುವವರ ಮಾತು ನಂಬಿ ರಿಪೋರ್ಟ್ ಬರೀತೀಯೇನು?” ಎಂದು ನಕ್ಕರು.

ಮಳೆ ಬಿದ್ದ ಮೇಲೆ ಮತ್ತೆ ಹತ್ತಿದೆ. ಕಲ್ಲಿನ ಬಳೆಯೊಳಗೆ ಹಸಿರು ಎಲೆಗಳು ಎದ್ದಿದ್ದವು, ನಡುವೆ ಅದೇ ಕಡ್ಡಿ ಒಣಗಿ ನಿಂತಿತ್ತು. ಎರಡೂ ಫೋಟೋಗಳನ್ನು ಸಾಹೇಬರ ಮುಂದೆ ಜೋಡಿಸಿಟ್ಟೆ. ಅದೇ ಗಿಡ, ಅವೇ ಕಲ್ಲು.

ಫಾರ್ಮಿನಲ್ಲಿ ‘ಗುರುತಿಸಿದವರು’ ಎಂಬಲ್ಲಿ ದ್ಯಾವಮ್ಮ ಎಂದು ಬರೆದೆ. ‘ಅರ್ಹತೆ’ ಎಂಬಲ್ಲಿ, ದಿನಾ ಗುಡ್ಡ ಹತ್ತುತ್ತಾರೆ ಎಂದು ಬರೆದೆ. ಸಾಹೇಬರು ಅದನ್ನು ಎರಡು ಸಲ ಓದಿ, ಮಣ್ಣೇ ಕಾಣದ ತಮ್ಮ ಬೂಟು ನೋಡಿಕೊಂಡು ಸಹಿ ಹಾಕಿದರು.